ಕಂದು ಹಾಕಿದ ಹಸುವಿನ ಕಸಕ್ಕೆ ಬರಿಗೈ ಹಾಕಬೇಡಿ

ಗಬ್ಬದ ಹಸು ತಿಂಗಳು ತುಂಬುವ ಮೊದಲೇ ಕಂದು ಹಾಕಿದರೆ ಆ ಸತ್ತ ಕರುವನ್ನಾಗಲಿ, ಕಸವನ್ನಾಗಲಿ (ಕರುವಿನ ಹಿಂದೆ ಬೀಳುವ ಮಾಸು), ನೆಲಕ್ಕೆ ಬಿದ್ದ ನೀರನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ. ಪೂರ್ತಿ ಓದಲು ಪುರುಸೊತ್ತು ಇಲ್ಲದವರು ಇಷ್ಟನ್ನಾದರೂ ನೆನಪಿಟ್ಟುಕೊಳ್ಳಲಿ ಎಂದು ಮೊದಲೇ ಹೇಳಿಬಿಡುತ್ತಿದ್ದೇನೆ. ಹೀಗೆ ಮುಟ್ಟಿ ದನದಿಂದ ಬಂದ ಬ್ರುಸೆಲ್ಲೋಸಿಸ್ ಎಂಬ ರೋಗದಿಂದ ನಮ್ಮಣ್ಣ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಇನ್ನೊಂದು ಮನೆಗೆ ಇದು ಬರಬಾರದು.

ನಮ್ಮದು ಒಂದೆರಡು ರಾಸುಗಳನ್ನೇ ನಂಬಿಕೊಂಡ ಮನೆ. ಇದ್ದ ಹಸುವಿಗೆ ಇನ್ನೊಂದು ಜೊತೆಯಾಗಲಿ ಎಂದು ಸಾಲ ಮಾಡಿ ದಳ್ಳಾಳಿಯೊಬ್ಬನಿಂದ ಗಬ್ಬದ ಹಸುವನ್ನು ಕೊಂಡೆವು. ಹಲ್ಲು, ಕೆಚ್ಚಲು, ಗೊರಸು ಎಲ್ಲವನ್ನೂ ತಿಳಿದವರಿಂದ ನೋಡಿಸಿಯೇ ತಂದದ್ದು. ಮೈಕಟ್ಟು ಚೆನ್ನಾಗಿತ್ತು, ಮೇವಿಗೆ ತಕರಾರಿರಲಿಲ್ಲ. ತಿಂಗಳು ತುಂಬಿಯೇ ಕರು ಹಾಕಿತು. ಕರು ಬಡಕಲಾಗಿತ್ತು, ಕಸ ಬೀಳಲು ತಡವಾಯಿತು, ಅಷ್ಟೇ. ಅನುಮಾನ ಪಡುವಂಥದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ, ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿ ಬೆಳೆದ ಹಸು ಏಳನೆಯ ತಿಂಗಳಲ್ಲಿ ಕಂದು ಹಾಕಿತು.

ಕಸ ಬೀಳಲೇ ಇಲ್ಲ. ಪಶುವೈದ್ಯರು ಬರುವುದು ತಡವಾಗುತ್ತದೆ ಎಂದು ತಿಳಿದಾಗ ಅಣ್ಣ ತೋಳಿಗೆ ಎಣ್ಣೆ ಸವರಿಕೊಂಡು ಮೊಣಕೈವರೆಗೂ ಕೈ ಹಾಕಿ ಅದನ್ನು ಬಿಡಿಸಿದ. ಹೊರಬಂದ ಕಸ ಎಂದಿನಂತೆ ತೆಳ್ಳಗಿರಲಿಲ್ಲ. ತೊಗಲಿನಷ್ಟು ದಪ್ಪವಾಗಿತ್ತು, ಗಂಟುಗಳ ನಡುವೆ ಹಳದಿ ಕೀವಿನಂಥ ಲೋಳೆ ಮೆತ್ತಿಕೊಂಡಿತ್ತು. ಅಣ್ಣನ ಹೆಬ್ಬೆರಳಿನಲ್ಲಿ ಮೇವು ಕೊಯ್ಯುವಾಗ ಕುಡುಗೋಲು ತಾಗಿದ ಹಸಿ ಗಾಯವಿತ್ತು. ಸತ್ತ ಕರುವನ್ನು ಹೂಳಲು ಗುದ್ದಲಿ ತರುವಷ್ಟರಲ್ಲಿ ನಾಯಿಯೊಂದು ಅದನ್ನು ಎಳೆದುಕೊಂಡು ಹೋಗಿತ್ತು. ದನ ಸಾಕುವ ಬಡವರ ಮನೆಗಳಲ್ಲಿ ಇಂಥ ಹೊತ್ತಿನಲ್ಲಿ ನಡೆಯುವುದೇ ಹೀಗೆ. ಕೈಗವಸು ಬೇಕೆಂದು ಹೇಳಿಕೊಟ್ಟವರು ಯಾರೂ ಇರುವುದಿಲ್ಲ, ಹೇಳಿದರೂ ಆ ಹೊತ್ತಿಗೆ ಅದು ಕೈಗೆ ಸಿಗುವುದಿಲ್ಲ.

ಕೆಲವು ವಾರಗಳಲ್ಲಿ ಅಣ್ಣನಿಗೆ ಜ್ವರ ಶುರುವಾಯಿತು. ಬೆಳಗ್ಗೆ ಇರುತ್ತಿರಲಿಲ್ಲ, ಸಂಜೆಯಾಗುತ್ತಿದ್ದಂತೆ ಏರುತ್ತಿತ್ತು. ರಾತ್ರಿ ಹಾಸಿಗೆ ತೋಯುವಷ್ಟು ಬೆವರು. ಸೊಂಟ, ಬೆನ್ನು, ಮಂಡಿಗಳಲ್ಲಿ ಕೂತರೂ ನಿಂತರೂ ನೋವು. ಒಂದು ಕಡೆ ಟೈಫಾಯಿಡ್ ಎಂದರು, ಇನ್ನೊಂದು ಕಡೆ ಮಲೇರಿಯಾ ಇರಬಹುದು ಎಂದರು, ಮತ್ತೊಂದು ಕಡೆ ಕ್ಷಯವಿರಬಹುದೆಂದು ಕಫ ಪರೀಕ್ಷೆ ಮಾಡಿಸಿದರು. ಪ್ರತಿ ಸಲವೂ ಮಾತ್ರೆ ನುಂಗಿದ ಮೇಲೆ ಜ್ವರ ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ನನಗೆ ಇಂದಿಗೂ ಸಹಿಸಲಾಗದ್ದು ಜನರ ಮಾತು. ಬೆಳಗ್ಗೆ ನೆಟ್ಟಗೆ ಓಡಾಡುವವನಿಗೆ ಸಂಜೆ ಏನು ಜ್ವರ, ದುಡಿಯಲು ಮೈಗಳ್ಳತನ ಎಂದು ಹತ್ತಿರದವರೇ ಆಡಿಕೊಂಡರು. ಈ ರೋಗದ ಲಕ್ಷಣವೇ ಏರಿಳಿಯುವ ಜ್ವರ. ಹಸುಗಳಲ್ಲಿ ಕಂದು ಹಾಕಿಸುವ ರೋಗಾಣುವಿಗೂ ಮನುಷ್ಯರ ಜ್ವರದ ರೋಗಾಣುವಿಗೂ ಹತ್ತಿರದ ಸಂಬಂಧವಿದೆ ಎಂದು 1918ರಲ್ಲಿ ತೋರಿಸಿಕೊಟ್ಟ ಅಮೆರಿಕದ ವಿಜ್ಞಾನಿ ಆಲಿಸ್ ಇವಾನ್ಸ್ ಅವರಿಗೇ 1922ರಲ್ಲಿ ಈ ಸೋಂಕು ತಗುಲಿತ್ತು. ವರ್ಷಗಟ್ಟಲೆ ನರಳಿದ ಅವರಿಗೂ ಇದು ನರದೌರ್ಬಲ್ಯ, ಮನಸ್ಸಿನ ಕಾಯಿಲೆ ಎಂದೇ ಹೇಳಲಾಗಿತ್ತು.

ಕೊನೆಗೆ ಒಬ್ಬ ವೈದ್ಯೆ ಬೇರೆ ಯಾರೂ ಕೇಳದ ಪ್ರಶ್ನೆ ಕೇಳಿದರು: "ಮನೆಯಲ್ಲಿ ದನಕರು ಇವೆಯೇ? ಈಚೆಗೆ ಯಾವುದಾದರೂ ಕಂದು ಹಾಕಿತ್ತೇ?" ಅಣ್ಣ ಹೌದು ಎಂದ. ನಾಚಿಕೆಯಿಂದ ಅದುವರೆಗೂ ಯಾರಿಗೂ ಹೇಳದಿದ್ದ ವೃಷಣದ ಊತವನ್ನೂ ಅವರಿಗೆ ಹೇಳಿದ. ರಕ್ತ ಪರೀಕ್ಷೆಯಲ್ಲಿ ಬ್ರುಸೆಲ್ಲೋಸಿಸ್ ಎಂದು ಬಂತು. ದನಗಳಲ್ಲಿ ಇದನ್ನು ಕಂದು ರೋಗ ಎನ್ನುತ್ತಾರೆ. ದನ, ಎಮ್ಮೆ, ಕುರಿ, ಮೇಕೆ, ಹಂದಿ ಎಲ್ಲಕ್ಕೂ ಬರುತ್ತದೆ, ಅವುಗಳಿಂದ ಮನುಷ್ಯರಿಗೂ ಬರುತ್ತದೆ. ಆದ್ದರಿಂದ ಕಾರಣ ಗೊತ್ತಾಗದ ಜ್ವರ ಬಂದು ಹೋಗಿ ಮಾಡುತ್ತಿದ್ದರೆ, ವೈದ್ಯರು ಕೇಳಲಿ ಬಿಡಲಿ, ನೀವಾಗಿಯೇ ದನ ಸಾಕುತ್ತೇವೆ ಎಂದು ಹೇಳಿ. ಆ ಒಂದು ಮಾತು ಮೊದಲ ದಿನವೇ ಬಂದಿದ್ದರೆ ನಮ್ಮಣ್ಣನ ಬೆನ್ನುಮೂಳೆಯ ನೋವು ಇಷ್ಟು ಬಲಿಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಇದಕ್ಕೆ ಔಷಧವಿದೆ, ಆದರೆ ಸುಲಭವಲ್ಲ. ರೋಗಾಣು ನಮ್ಮ ಜೀವಕೋಶಗಳ ಒಳಗೇ ಅಡಗಿ ಕೂರುವುದರಿಂದ ಒಂದೇ ಮಾತ್ರೆಯಿಂದ ಹೋಗುವುದಿಲ್ಲ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಜೊತೆಗೆ ಇನ್ನೊಂದು ಔಷಧವನ್ನು ಸೇರಿಸಿ 6 ವಾರಗಳ ಚಿಕಿತ್ಸೆ ಕೊಡುತ್ತಾರೆ, ಬೆನ್ನುಮೂಳೆಗೆ ಹತ್ತಿದ್ದರೆ ಇನ್ನೂ ಹೆಚ್ಚು ಕಾಲ. ಜ್ವರ ಬಿಟ್ಟ ಕೂಡಲೇ ಮಾತ್ರೆ ನಿಲ್ಲಿಸಿದವರಿಗೆ ರೋಗ ಮರುಕಳಿಸುತ್ತದೆ. ದಿನಗೂಲಿಗೆ ಹೋಗುವವರು ಮೈ ಹಗುರಾದ ದಿನವೇ ನಿಲ್ಲಿಸುತ್ತಾರೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ನಿಲ್ಲಿಸಬೇಡಿ.

ಆಮೇಲೆ ಎರಡೂ ಹಸುಗಳ ರಕ್ತ ಪರೀಕ್ಷೆ ಮಾಡಿಸಿದೆವು. ಎರಡರಲ್ಲೂ ರೋಗವಿತ್ತು. ದಳ್ಳಾಳಿಯ ಬೆನ್ನು ಬಿದ್ದು ಹಸುವಿನ ಮೊದಲ ಯಜಮಾನನನ್ನು ಹುಡುಕಿದಾಗ ನಿಜ ಹೊರಬಿತ್ತು. ಅವನ ಮನೆಯಲ್ಲಿ ಅದು ಒಮ್ಮೆ ಕಂದು ಹಾಕಿತ್ತು, ದಳ್ಳಾಳಿಗೆ ಅದು ಗೊತ್ತಿತ್ತು. ಈ ರೋಗದ ಮೋಸ ಇರುವುದೇ ಇಲ್ಲಿ. ಸಾಮಾನ್ಯವಾಗಿ ಹಸು ಒಂದು ಸಲ ಮಾತ್ರ ಕಂದು ಹಾಕುತ್ತದೆ. ಮುಂದಿನ ಗಬ್ಬ ತಿಂಗಳು ತುಂಬಿಯೇ ಈಯುತ್ತದೆ, ನೋಡುವವರಿಗೆ ಆರೋಗ್ಯವಾಗಿಯೇ ಕಾಣುತ್ತದೆ. ಆದರೆ ಪ್ರತಿ ಸಲ ಈದಾಗಲೂ ಕಸದಲ್ಲಿ, ಸೋರುವ ನೀರಿನಲ್ಲಿ, ಹಾಲಿನಲ್ಲಿ ರೋಗಾಣುವನ್ನು ಹೊರಹಾಕುತ್ತಲೇ ಇರಬಹುದು. ಕಾಲುಬಾಯಿ ಜ್ವರ ಬಂದ ದನ ಜೊಲ್ಲು ಸುರಿಸಿ, ಕುಂಟಿ ಊರಿಗೆಲ್ಲ ಸಾರಿ ಹೇಳುತ್ತದೆ. ಇದು ಏನನ್ನೂ ಹೇಳುವುದಿಲ್ಲ. ಬ್ರಿಟಿಷ್ ಸೇನೆಯ ವೈದ್ಯ ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ 1887ರಲ್ಲಿ ಈ ರೋಗಾಣುವನ್ನು ಕಂಡುಹಿಡಿದರೂ, ಅದು ಮೇಕೆಗಳಿಂದ ಬರುತ್ತಿದೆ ಎಂದು ಅಲ್ಲಿಯದೇ ವೈದ್ಯ ಥೆಮಿಸ್ಟೊಕ್ಲಿಸ್ ಝಾಮಿಟ್ ತೋರಿಸಿದ್ದು 1905ರಲ್ಲಿ. ಆ ಮೇಕೆಗಳೆಲ್ಲ ನೋಡಲು ಚೆನ್ನಾಗಿಯೇ ಇದ್ದವು.

ದಳ್ಳಾಳಿಯ ಮೇಲೆ ನನಗೆ ಸಿಟ್ಟಿದೆ, ಅದು ಆರುವುದಿಲ್ಲ. ಮೊದಲ ಯಜಮಾನನ ಮೇಲೆ ಅಷ್ಟು ಸಿಟ್ಟು ಬರುತ್ತಿಲ್ಲ. ಕರು ಹೋಯಿತು, ಹಾಲು ಹೋಯಿತು, ಸಾಲದ ಕಂತು ಉಳಿಯಿತು. ರೋಗದ ದನವನ್ನು ಕಳೆದುಕೊಂಡವನಿಗೆ ಪರಿಹಾರ ಕೊಡುವವರು ಇಲ್ಲದ ಕಡೆ ಅವನು ನಷ್ಟವನ್ನು ಇನ್ನೊಬ್ಬನಿಗೆ ದಾಟಿಸದೆ ಬೇರೇನು ಮಾಡುತ್ತಾನೆ? ಕೊಳ್ಳುವವನೂ ಅವನಷ್ಟೇ ಬಡವ, ಕಡಿಮೆ ಬೆಲೆ ನೋಡಿಯೇ ಕೊಂಡವನು. ಹೀಗೆ ರೋಗ ಒಬ್ಬ ಬಡವನ ಕೊಟ್ಟಿಗೆಯಿಂದ ಇನ್ನೊಬ್ಬ ಬಡವನ ಕೊಟ್ಟಿಗೆಗೆ ನಡೆದುಹೋಗುತ್ತದೆ. ದನದ ರೋಗವನ್ನು ಬಚ್ಚಿಟ್ಟವನನ್ನು ಬೈದರೆ ಸಾಲದು. ರೋಗ ಇದೆ ಎಂದು ಹೇಳಿದವನು ಉಪವಾಸ ಬೀಳದ ಹಾಗೆ ನೋಡಿಕೊಳ್ಳುವವರೆಗೂ ಯಾರೂ ಬಾಯಿ ಬಿಡುವುದಿಲ್ಲ.

ಅಲ್ಲಿಯವರೆಗೆ ನಮ್ಮನ್ನು ನಾವೇ ಕಾಪಾಡಿಕೊಳ್ಳಬೇಕು. ಹಸು ಕೊಳ್ಳುವ ಮುನ್ನ ಎಷ್ಟು ಸಲ ಈದಿದೆ ಎಂದಷ್ಟೇ ಕೇಳಬೇಡಿ, ಎಷ್ಟು ಕರುಗಳು ಬದುಕಿವೆ, ಯಾವಾಗಲಾದರೂ ಕಂದು ಹಾಕಿತ್ತೇ, ಕಸ ನಿಂತಿತ್ತೇ ಎಂದು ಕೇಳಿ. ದಳ್ಳಾಳಿಯನ್ನಲ್ಲ, ಸಾಕಿದವನನ್ನೇ ಕೇಳಿ. ಹಣ ಕೊಡುವ ಮೊದಲು ರಕ್ತ ಪರೀಕ್ಷೆಗೆ ಪಟ್ಟು ಹಿಡಿಯಿರಿ. ತಂದ ಮೇಲೂ ಕೆಲವು ವಾರ ಬೇರೆ ಕಟ್ಟಿ, ಈಯುವಾಗ ಉಳಿದ ದನಗಳಿಂದ ದೂರವಿಡಿ. ರೋಗದ ಹಸುವಿಗೆ ಹುಟ್ಟಿದ ಹೆಣ್ಣುಕರುವನ್ನು ಒಂದು ಪರೀಕ್ಷೆಯಲ್ಲಿ ಪಾಸಾಯಿತೆಂದು ನಂಬುವಂತಿಲ್ಲ. ಕೆಲವು ಕರುಗಳಲ್ಲಿ ಸೋಂಕು ಅಡಗಿದ್ದು ಚೊಚ್ಚಲ ಗಬ್ಬದ ಹೊತ್ತಿಗೆ ಮಾತ್ರ ಹೊರಗೆ ಬರುತ್ತದೆ.

ಹಸು ಕಂದು ಹಾಕಿದಾಗ ಮೊದಲು ನಾಯಿಗಳನ್ನು ಓಡಿಸಿ, ಮಕ್ಕಳನ್ನೂ ಬಸುರಿಯರನ್ನೂ ದೂರ ಕಳುಹಿಸಿ. ಬಸುರಿಗೆ ಈ ಸೋಂಕು ತಗುಲಿದರೆ ಗರ್ಭಪಾತವಾಗಬಹುದು. ಉದ್ದನೆಯ ಕೈಗವಸು ಇಲ್ಲದಿದ್ದರೆ ಕಸವನ್ನು ಎಳೆಯಲು ಹೋಗಬೇಡಿ, ಪಶುವೈದ್ಯರು ಬರುವವರೆಗೆ ಕಾಯಿರಿ. ತಡವಾದರೂ ಚಿಂತೆಯಿಲ್ಲ, ಬಲವಂತವಾಗಿ ಎಳೆದರೆ ಹಸುವಿಗೂ ಕೆಡುಕೇ. ಸತ್ತ ಕರುವನ್ನು, ಕಸವನ್ನು, ಒದ್ದೆಯಾದ ಹಾಸನ್ನು ಸುಡಿ, ಇಲ್ಲವೇ ಆಳವಾದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಿ. ತಿಪ್ಪೆಗೆ ಎಸೆಯಬೇಡಿ. ಬಿಸಿಲು ಬಿದ್ದ ಕಡೆ ರೋಗಾಣು ಬೇಗ ಸಾಯುತ್ತದೆ, ನೆರಳಿನ ತೇವದಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು. ನೆಲವನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯಿರಿ.

ಹಾಲಿನ ವಿಷಯ ಒಂದೇ ಮಾತು: ಕುದಿಸದೆ ಕುಡಿಯಬೇಡಿ. ಕರೆದ ಬಿಸಿಯಲ್ಲೇ ಕುಡಿದರೆ ಮೈಗೆ ಶಕ್ತಿ ಎನ್ನುವವರ ಮಾತು ಕೇಳಬೇಡಿ. ಉಕ್ಕು ಬರುವಂತೆ ಕಾಯಿಸಿದ ಹಾಲಿನಲ್ಲಿ ರೋಗಾಣು ಉಳಿಯುವುದಿಲ್ಲ.

ಲಸಿಕೆ ಇದೆ, ಅದಕ್ಕೊಂದು ವಯಸ್ಸಿದೆ. ಎಸ್ 19 ಎಂಬ ಲಸಿಕೆಯನ್ನು ಹೆಣ್ಣುಕರುಗಳಿಗೆ ಸಾಮಾನ್ಯವಾಗಿ 4ರಿಂದ 8 ತಿಂಗಳ ಒಳಗೆ ಒಮ್ಮೆ ಹಾಕಿಸುತ್ತಾರೆ. ಗಂಡುಕರುಗಳಿಗೆ ಹಾಕುವುದಿಲ್ಲ. ಗಬ್ಬದ ಹಸುವಿಗೆ ಹಾಕಿದರೆ ಲಸಿಕೆಯಿಂದಲೇ ಕಂದು ಹಾಕಬಹುದು. ಅದರಲ್ಲಿರುವುದು ಜೀವಂತ ರೋಗಾಣು, ಸೂಜಿ ಕೈಗೆ ಚುಚ್ಚಿದರೆ ಮನುಷ್ಯನಿಗೂ ಸೋಂಕು ತಗುಲಬಹುದು. ಹಾಗಾಗಿ ಬಾಟಲಿ ತಂದು ನಾವೇ ಚುಚ್ಚುತ್ತೇವೆ ಎಂದು ಹೊರಡಬೇಡಿ, ಪಶುವೈದ್ಯರ ಕೈಯಲ್ಲೇ ಹಾಕಿಸಿ. ಹಾಕಿಸಿದ ತಿಂಗಳನ್ನು ಬರೆದಿಟ್ಟುಕೊಳ್ಳಿ, ಮುಂದೆ ರಕ್ತ ಪರೀಕ್ಷೆ ಮಾಡುವವರು ಅದನ್ನು ಕೇಳುತ್ತಾರೆ.