ಅಜ್ಜನ ಕೇಪಿನ ಕೋವಿ, ಭಾವನ ಸ್ಪೇನ್ ರೈಫಲ್: ಯಾವುದಕ್ಕೆ ಮದ್ದು ತುಂಬಬಹುದು?

ಕೊಪ್ಪದ ಅಜ್ಜನ ಮನೆಯ ಕೇಪಿನ ಕೋವಿ (ಕೇಪು ಅಂದರೆ ಪೆಟ್ಟು ಬಿದ್ದರೆ ಕಿಡಿ ಹಾರಿಸಿ ಮದ್ದು ಹೊತ್ತಿಸುವ ಪುಟ್ಟ ಲೋಹದ ಟೊಪ್ಪಿ), ಲೈಸೆನ್ಸ್ ಅಪ್ಪನ ಹೆಸರಿಗಾದ ಮೇಲೆ ನಮ್ಮ ಬನಶಂಕರಿ ಮನೆಗೆ ಬಂದು ಮೂರು ವರ್ಷವಾಯಿತು. ಪೆನ್ಸಿಲ್ವೇನಿಯಾದಲ್ಲಿರುವ ಭಾವನ ಹತ್ತಿರ ಎರಡಿವೆ. ಒಂದು 1970ರ ದಶಕದ ಸ್ಪೇನ್ ರೈಫಲ್, ಯಾರೋ ಬಳಸಿದ್ದು, ಅಗ್ಗಕ್ಕೆ ಸಿಕ್ಕಿದ್ದು. ಇನ್ನೊಂದು ಇಟಲಿಯದ್ದು, ಹೊಸದು. ಮೂರಕ್ಕೂ ನಳಿಗೆಯ ಬಾಯಿಂದಲೇ ಮದ್ದು ತುಂಬಬೇಕು. ಕಳೆದ ವರ್ಷ ಅಲ್ಲಿಗೆ ಹೋದಾಗ ಅವರ ಎರಡರಲ್ಲೂ ಈಡು ಹೊಡೆದೆ. ಅಜ್ಜನದ್ದರಲ್ಲಿ ಹೊಡೆದಿಲ್ಲ, ಹೊಡೆಯೋದೂ ಇಲ್ಲ.

ಇಟಲಿಯದ್ದರ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ನಳಿಗೆಯ ಮೇಲೆ ನಳಿಗೆಯ ಗಟ್ಟಿತನ ಪರೀಕ್ಷಿಸುವ ಗಾರ್ಡೋನೆ ಪರೀಕ್ಷಾಲಯದ ಮುದ್ರೆ, ಕಪ್ಪು ಮದ್ದು ಮಾತ್ರ ಅನ್ನುವ ಬರಹ, ತಯಾರಾದ ವರ್ಷ ತಿಳಿಸುವ ಎರಡಕ್ಷರ. ತುಂಬಿದೆ, ಹೊಡೆದೆ, ತೊಳೆದಿಟ್ಟೆ. ಬೆಲೆ ಮಾತ್ರ ಕೇಳಬೇಡಿ.

ಸ್ಪೇನಿನದ್ದರ ಮೇಲೂ ಎಯ್ಬಾರ್ ಊರಿನ ಪರೀಕ್ಷಾ ಮುದ್ರೆ ಇತ್ತು. ಆದರೆ ಮುದ್ರೆ ಹೇಳೋದು ಕಾರ್ಖಾನೆ ಬಿಟ್ಟ ದಿನದ ಕಥೆ. ಆಮೇಲೆ ಐವತ್ತು ವರ್ಷ ಯಾರು ತೊಳೆದರು, ಯಾರು ಹಾಗೇ ಮೂಲೆಗಿಟ್ಟರು ಅನ್ನೋದು ಅದಕ್ಕೇನು ಗೊತ್ತು? ಕಪ್ಪು ಮದ್ದಿನ ಮಸಿ ತೇವ ಎಳೆಯುತ್ತದೆ. ಅವತ್ತೇ ಬಿಸಿನೀರಲ್ಲಿ ತೊಳೆದು ಒರೆಸದಿದ್ದರೆ ತುಕ್ಕು ಶುರು. ಭಾವ ಖಾಲಿ ರೈಫಲ್ಲಿನ ಕುದುರೆಯನ್ನು, ಅಂದರೆ ಕೇಪಿಗೆ ಹೊಡೆಯುವ ಸುತ್ತಿಗೆಯನ್ನು, ಅರ್ಧಕ್ಕೆ ಎಳೆದು ಟ್ರಿಗರ್ ಒತ್ತಿ ತೋರಿಸಿದ್ದರು. ಬೀಳಬಾರದು. ಟಕ್ ಅಂತ ಬಿತ್ತು. ಕೇಪು ಕೂರುವ ಮೊಳೆಯ ತೂತೂ ಸವೆದು ದೊಡ್ಡದಾಗಿತ್ತು. ಹಾಗಾದರೆ ಬೆಂಕಿ ಹಿಂದಕ್ಕೆ ನುಗ್ಗಿ ಕೇಪಿನ ಚೂರು ಕಣ್ಣಿಗೇ ಹಾರಬಹುದು. ಎರಡನ್ನೂ ರಿಪೇರಿ ಮಾಡಿಸಿದ ಮೇಲೆಯೇ ನನ್ನ ಕೈಗೆ ಕೊಟ್ಟರು.

60 ಗ್ರೇನ್ ಮದ್ದು, ಅಂದರೆ ಸುಮಾರು 4 ಗ್ರಾಂ. ನಾಲ್ಕು ಈಡು ಚೆನ್ನಾಗೇ ಹೋದವು, ಗುರಿಯಲ್ಲಿ ಇಟಲಿಯದ್ದಕ್ಕೆ ಕಡಿಮೆ ಏನಿಲ್ಲ. ಐದನೆಯದಕ್ಕೆ ಮಸಿ ಕಟ್ಟಿ ಗುಂಡು ಅರ್ಧದಲ್ಲೇ ಸಿಕ್ಕಿಕೊಂಡಿತು. ಗುಂಡು ಒಳಗೆ ದೂಡುವ ಕೋಲು, ಅಂದರೆ ಗಜದ ಮೇಲೆ ಭಾವ ಒಂದು ಗೆರೆ ಹಾಕಿದ್ದರು; ಗುಂಡು ಮದ್ದಿನ ಮೇಲೆ ಕೂತರೆ ಅದು ನಳಿಗೆಯ ಬಾಯಿಗೆ ಸರಿಯಾಗಬೇಕು. ಈಗ ಒಂದು ಗೇಣು ಮೇಲಿತ್ತು. ನಾನು ಗಮನಿಸದೆ ಕೇಪಿಗೆ ಕೈ ಹಾಕಿದೆ. "ಏಯ್, ಕೇಪು ಇಡಬೇಡ!" ಅಂತ ಕೂಗಿಕೊಂಡು ಓಡಿ ಬಂದರು. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬುತ್ತದೆ, ಒಡೆದರೂ ಒಡೆಯಿತು. ಇಟಲಿಯದ್ದಾದರೂ ಅಷ್ಟೇ.

ಬೆಂಗಳೂರಿಗೆ ಬಂದವನೇ ಎಸ್.ಪಿ. ರೋಡಿನಲ್ಲಿ ನಳಿಗೆಯೊಳಗೆ ನೋಡೋಕೆ ಮೊಬೈಲಿಗೆ ಸಿಕ್ಕಿಸುವ ವೈರ್ ಕ್ಯಾಮೆರಾ ತಂದೆ. ಅದನ್ನು ಒಳಗೆ ಬಿಡೋ ಮೊದಲು, ಭಾವ ಹೇಳಿಕೊಟ್ಟಂತೆ, ಅಜ್ಜನ ಕೋವಿಯೊಳಗೆ ಗಜ ಬಿಟ್ಟು ನಳಿಗೆಯ ಬಾಯಿಯ ಹತ್ತಿರ ಗುರುತು ಮಾಡಿದೆ. ಹೊರಗೆ ತೆಗೆದು ನಳಿಗೆಯ ಪಕ್ಕ ಇಟ್ಟು ನೋಡಿದರೆ, ಕೇಪಿನ ಮೊಳೆಯವರೆಗೆ ಬರಬೇಕಿದ್ದ ತುದಿ ಮೂರು ಬೆರಳು ಇತ್ತಲೇ ನಿಂತಿದೆ. ಕೈ ತಣ್ಣಗಾಯಿತು. ಮೂರು ವರ್ಷ ಟಿವಿಯ ಮೇಲಿನ ಗೋಡೆಯಲ್ಲಿ ತೂಗಿದ್ದು ತುಂಬಿದ ಕೋವಿ! ಹಳೇ ಮದ್ದು ತಾನೇ ಅನ್ನಬೇಡಿ. ತೇವ ತಾಗದಿದ್ದರೆ ಕಪ್ಪು ಮದ್ದು ಎಷ್ಟು ವರ್ಷವಾದರೂ ಹತ್ತಿಕೊಳ್ಳುತ್ತದೆ.

ಕೋವಿ ಅಂಗಡಿಯವರು ಬಿಚ್ಚಿ ತೆಗೆದರು. ತೆಂಗಿನ ನಾರು, ಚರೆ ಅನ್ನುವ ಸಣ್ಣ ಗುಂಡುಗಳು, ಗಂಟುಗಟ್ಟಿದ ಮದ್ದು. ಆಮೇಲೆ ಕ್ಯಾಮೆರಾ ಬಿಟ್ಟೆವು. ಬಾಯಿಯ ಕಡೆ ಫಳಫಳ. ಬುಡಕ್ಕೆ ಹೋದ ಹಾಗೆ ರಾಗಿ ಕಾಳು ಕಿತ್ತಿಟ್ಟಂತೆ ಗುಳಿಗಳು. ಈಡಿನ ಒತ್ತಡ ಹೆಚ್ಚು ಬೀಳೋದೂ ಅಲ್ಲೇ. ಬರ್ಮಿಂಗ್‌ಹ್ಯಾಮಿನ ಕಿರೀಟದ ಪರೀಕ್ಷಾ ಮುದ್ರೆ ಹೊರಗೆ ಚೆನ್ನಾಗೇ ಕಾಣುತ್ತದೆ, ಆದರೆ ಈ ನಳಿಗೆ ಕಬ್ಬಿಣದ ಪಟ್ಟಿ ಸುತ್ತಿ ಬೆಸೆದದ್ದು. ಬೆಸುಗೆಯೊಳಗೆ ತುಕ್ಕು ಎಷ್ಟು ಹೋಗಿದೆಯೋ ಕ್ಯಾಮೆರಾಕ್ಕೂ ಕಾಣಲ್ಲ.

"ಅರ್ಧ ಮದ್ದು ಹಾಕಿ ಹೊಡೀರಿ ಸಾರ್, ಏನೂ ಆಗಲ್ಲ" ಅಂದರು ಅಂಗಡಿಯವರು. ಅರ್ಧ ಮದ್ದು ಹಾಕಿದರೆ ಗುಳಿ ಅರ್ಧ ಆಗುತ್ತಾ? ಪಕ್ಕದಲ್ಲಿದ್ದ ಇನ್ನೊಬ್ಬರದ್ದು ಇನ್ನೂ ಭಯಂಕರ ಸಲಹೆ, ತೋಟಾ (ಕಾರ್ಟ್ರಿಜ್) ಬಿಚ್ಚಿ ಅದರ ಮದ್ದು ಹಾಕಿ ಅಂತ. ಅದು ಹೊಗೆಯಿಲ್ಲದ ಮದ್ದು, ಒತ್ತಡ ವಿಪರೀತ. ಇಟಲಿಯ ಹೊಸ ನಳಿಗೆಯೂ ತಡೆಯಲ್ಲ.

ಭಾವನ ಸ್ಪೇನ್ ರೈಫಲ್ ಕೊಟ್ಟರೆ ನಾಳೆಯೂ ಹೊಡೆಯುತ್ತೇನೆ. ಅಜ್ಜನದ್ದರ ವಿಷಯದಲ್ಲಿ ಅಪ್ಪನಿಗೆ ಬೇಜಾರು. "ಅಜ್ಜ ಇದರಲ್ಲೇ ಗದ್ದೆಗೆ ಬಂದ ಹಂದಿ ಓಡಿಸ್ತಿದ್ದರು ಕಣೋ" ಅಂತ ವಾರವೆಲ್ಲ ಗೊಣಗಿದರು. ಕೊನೆಗೆ ಕೇಪಿನ ಮೊಳೆ ಬಿಚ್ಚಿಸಿ ತಾವೇ ಎತ್ತಿಟ್ಟರು. ಈಗ ಅದು ಬೀರುವಿನಲ್ಲಿ, ಅವರ ಬಿಪಿ ಮಾತ್ರೆ ಡಬ್ಬಿಯೊಳಗೆ ಇದೆ.