ಬಯೋಗ್ಯಾಸ್ ಘಟಕ: ವರ್ಷಗಟ್ಟಲೆ ನಡೆಸಿದ ಮೇಲೆ ಕಂಡ ಲೆಕ್ಕ

ಹಣ್ಣು ಸಂಸ್ಕರಣಾ ಕಾರ್ಖಾನೆಯ ಸಿಪ್ಪೆ, ತಿರುಳಿನ ಜೊತೆಗೆ ಸಗಣಿ ಬೆರೆಸಿ ನಡೆಸುವ ಮಧ್ಯಮ ಗಾತ್ರದ ಘಟಕ ನಮ್ಮದು. ಅನಿಲ ಬರುತ್ತದೆ, ಅದರಲ್ಲಿ ತಕರಾರಿಲ್ಲ. ಹಣ ಉಳಿಯುತ್ತದೆಯೇ ಎಂಬುದನ್ನು ಮಾತ್ರ ತ್ಯಾಜ್ಯ ಎಷ್ಟು ದೂರದಿಂದ ಬರುತ್ತದೆ ಎಂಬುದೇ ಬಹುಪಾಲು ತೀರ್ಮಾನಿಸುತ್ತದೆ.

ಒಂದು ಟನ್ ಹಸಿ ಸಗಣಿಯಿಂದ ಸಿಗುವುದು ಸುಮಾರು 30–40 ಘನ ಮೀಟರ್ ಅನಿಲ. ಒಂದು ಘನ ಮೀಟರ್ ಎಂದರೆ ಅರ್ಧ ಕಿಲೋಗಿಂತ ತುಸು ಕಡಿಮೆ ಎಲ್‌ಪಿಜಿಗೆ ಸಮ. ಅಲ್ಲಿಗೆ ಒಂದು ಟನ್ ಹೊತ್ತು ತಂದದ್ದಕ್ಕೆ ಹದಿನೈದು ಕಿಲೋ ಆಸುಪಾಸಿನ ಎಲ್‌ಪಿಜಿ! ಉಳಿದದ್ದು ಹೆಚ್ಚಾಗಿ ನೀರು, ಆ ನೀರನ್ನು ಸಾಗಿಸಲು ಡೀಸೆಲ್ ಸುಡಬೇಕು. ಆಹಾರ ತ್ಯಾಜ್ಯದಲ್ಲಿ ಟನ್ನಿಗೆ 100 ಘನ ಮೀಟರ್ ದಾಟುವುದು ಸಾಮಾನ್ಯ, ಹಾಗಾಗಿ ಅದಕ್ಕೆ ಒಂದಿಷ್ಟು ಸಾಗಣೆ ವೆಚ್ಚ ತಡೆಯುತ್ತದೆ. ಆದರೆ ಹಣ್ಣಿನ ತ್ಯಾಜ್ಯವನ್ನೇ ಸುರಿದರೆ ಡೈಜೆಸ್ಟರ್, ಅಂದರೆ ತ್ಯಾಜ್ಯ ಕೊಳೆತು ಅನಿಲವಾಗುವ ಮುಚ್ಚಿದ ತೊಟ್ಟಿ, ಹುಳಿಯಾಗಿ ಅನಿಲದಲ್ಲಿ ಉರಿಯುವ ಭಾಗವಾದ ಮೀಥೇನ್ ಕುಸಿಯುತ್ತದೆ. ಹುಳಿ ತಡೆಯಲು ಸಗಣಿ ಬೇಕೇ ಬೇಕು.

ಘಟಕದ ಮಾರಾಟಗಾರರು ಹೇಳದ ಇನ್ನೊಂದು ಮಾತಿದೆ. ತ್ಯಾಜ್ಯ ಉಚಿತವಾಗಿರುವುದು ಅದನ್ನು ಕೇಳುವವರು ಇಲ್ಲದಿರುವವರೆಗೆ ಮಾತ್ರ. ನಾವು ನಿಯಮಿತವಾಗಿ ಒಯ್ಯತೊಡಗಿದ ಮೇಲೆ ಕಾರ್ಖಾನೆಯವರು ಬೆಲೆ ಕೇಳಿದರು. ವಿಲೇವಾರಿಯ ಖರ್ಚು ಉಳಿದಿದ್ದರೂ! ದೀರ್ಘಾವಧಿಯ ಲಿಖಿತ ಒಪ್ಪಂದವಿಲ್ಲದೆ ಸಾಲಕ್ಕೆ ಸಹಿ ಹಾಕಬೇಡಿ. ಹಣ್ಣಿನ ಕಾಲ ಮುಗಿದು ಡೈಜೆಸ್ಟರ್ ಅರೆಹೊಟ್ಟೆಯಲ್ಲಿದ್ದರೂ ಕಂತು ಪೂರ್ತಿಯೇ ಕಟ್ಟಬೇಕು.

ಜನರೇಟರ್ ವಿಷಯದಲ್ಲಿ ನನಗೆ ಉತ್ಸಾಹ ಉಳಿದಿಲ್ಲ. ಒಂದು ಘನ ಮೀಟರಿಗೆ ಹೆಚ್ಚೆಂದರೆ ಎರಡು ಯೂನಿಟ್ ವಿದ್ಯುತ್. ಶಕ್ತಿಯ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತದೆ. ಆ ಬಿಸಿಗೆ ಕೆಲಸವಿಲ್ಲದಿದ್ದರೆ ಅನಿಲವನ್ನು ನೇರವಾಗಿ ಬಾಯ್ಲರಿಗೆ ಕೊಡುವುದೇ ಲೇಸು. ಅನಿಲದಲ್ಲಿ ಬೆರೆತಿರುವ, ಲೋಹ ತಿನ್ನುವ ಹೈಡ್ರೋಜನ್ ಸಲ್ಫೈಡ್ ಎಂಜಿನ್ನಿನ ಬಿಡಿಭಾಗಗಳನ್ನು ತಿಂದಾಗ ಸರಬರಾಜುದಾರರು ವಾರಂಟಿಯ ಷರತ್ತು ಓದಿ ಹೇಳಿ ಕೈತೊಳೆದುಕೊಂಡರು. ಕಬ್ಬಿಣದ ಆಕ್ಸೈಡ್ ತುಂಬಿದ ಶೋಧಕ ಹಾಕಿದ ನಂತರ ತೊಂದರೆ ತಗ್ಗಿತು. ಆದರೆ ಅದನ್ನು ಆಗಾಗ ಬದಲಿಸುವ ಖರ್ಚು ಅವರ ಯೋಜನಾ ವರದಿಯಲ್ಲಿ ಎಲ್ಲಿಯೂ ಇರಲಿಲ್ಲ.

ನಿರೀಕ್ಷೆ ಮೀರಿದ್ದು ಅನಿಲ ತೆಗೆದ ಮೇಲೆ ಉಳಿಯುವ ಬಗ್ಗಡ. ಸಾರಜನಕ ಬಹುತೇಕ ಅದರಲ್ಲೇ ಉಳಿದಿರುತ್ತದೆ, ಅದೂ ಗಿಡಗಳು ಬೇಗ ಹೀರುವ ರೂಪದಲ್ಲಿ. ನಮ್ಮ ರಾಸಾಯನಿಕ ಗೊಬ್ಬರದ ಖರೀದಿ ಎದ್ದು ಕಾಣುವಷ್ಟು ಇಳಿದಿದೆ. ಸ್ವಂತ ಜಮೀನು ಪಕ್ಕದಲ್ಲಿಯೇ ಇರುವುದರಿಂದ ಇದು ಸಾಧ್ಯವಾಯಿತು. ದೂರ ಒಯ್ಯಬೇಕಾದವರಿಗೆ ಇಲ್ಲಿಯೂ ಅದೇ ನೀರು, ಅದೇ ಡೀಸೆಲ್.