ಯಲಹಂಕ ಗ್ಯಾಸ್ ಪ್ಲಾಂಟ್: ಮೆಷಿನ್‌ಗೆ ಐದು ಸ್ಟಾರ್, ಗ್ಯಾಸ್ ರೇಟಿಗೆ ಎರಡೇ

ಪವರ್ ಪ್ಲಾಂಟಿಗೂ ರಿವ್ಯೂ ಬರೀತಾರಾ ಅಂತ ನಗ್ಬೇಡಿ, ದೋಸೆಗೆ ಬರೀತೀವಿ, ಕರೆಂಟಿಗೆ ಯಾಕ್ ಬರೀಬಾರ್ದು. ಯಲಹಂಕದಲ್ಲಿ ಕೆಪಿಸಿಎಲ್‌ನವ್ರ (ರಾಜ್ಯ ಸರ್ಕಾರದ ಕರ್ನಾಟಕ ಪವರ್ ಕಾರ್ಪೊರೇಷನ್) 370 ಮೆಗಾವ್ಯಾಟ್ ಪ್ಲಾಂಟ್ ಬಗ್ಗೆ ಹೇಳ್ತಿರೋದು. ಮುಂಚೆ ಅಲ್ಲಿದ್ದ ಡೀಸೆಲ್ ಸ್ಟೇಷನ್ನು ಆರು ಇಂಜಿನ್ ಸೇರಿ 128 ಮೆಗಾವ್ಯಾಟ್ ಆಸುಪಾಸು, ಇದು ಹೆಚ್ಚುಕಮ್ಮಿ ಅದರ ಮೂರರಷ್ಟು.

ನಂಗೆ ಇಷ್ಟ ಆಗಿದ್ದು ಕಂಬೈನ್ಡ್ ಸೈಕಲ್ ಅನ್ನೋ ಐಡಿಯಾ. ಅಜ್ಜಿ ಮನೇಲಿ ಕೋಡೊಲೆ ನೋಡಿದ್ದೀರಲ್ವಾ, ದೊಡ್ಡ ಒಲೆ ಮೇಲೆ ಅನ್ನ ಬೇಯ್ತಾ ಇರತ್ತೆ, ಅದೇ ಸೌದೆ ಬಿಸಿ ಪಕ್ಕಕ್ಕೆ ಹೋಗಿ ಕೋಡೊಲೇಲಿ ಸಾರು ಕುದಿಯತ್ತೆ. ಇಲ್ಲೂ ಅಷ್ಟೇ, ಗ್ಯಾಸ್ ಉರಿದು ಗ್ಯಾಸ್ ಟರ್ಬೈನ್ ತಿರುಗಿ ಸುಮಾರು 236 ಮೆಗಾವ್ಯಾಟ್, ಅದರಿಂದ ಆಚೆ ಬರೋ ಗಾಳಿ ಇನ್ನೂ 600 ಡಿಗ್ರಿ ಹತ್ರ ಸುಡ್ತಿರತ್ತೆ, ಅದನ್ನ ಸುಮ್ನೆ ಚಿಮಣಿಗೆ ಬಿಡದೆ ಬಾಯ್ಲರಿಗೆ ಹಾಯ್ಸಿ ಸ್ಟೀಮ್ ಮಾಡಿ ಇನ್ನೊಂದು ಟರ್ಬೈನ್ ತಿರುಗ್ಸಿ 133 ಚಿಲ್ಲರೆ ತೆಗೀತಾರೆ. ಕಲ್ಲಿದ್ದಲು ಪ್ಲಾಂಟಲ್ಲಿ ನೂರು ಪಾಲು ಶಾಖಕ್ಕೆ 35-40 ಪಾಲು ಕರೆಂಟಾದ್ರೆ ದೊಡ್ಡದು, ಈ ಥರದ್ರಲ್ಲಿ 50 ದಾಟತ್ತೆ. ಬೂದಿ ಇಲ್ಲ, ಕಪ್ಪು ಹೊಗೆ ಇಲ್ಲ. ಸಂಜೆ ಬಿಸಿಲು ಹೋಗಿ ಪಾವಗಡದ ಸೋಲಾರ್ ಪಾರ್ಕ್ ಮಲಗಿದಾಗ ಬೇಗ ಎದ್ದು ನಿಲ್ಲೋ ತಾಕತ್ತೂ ಇದೆ, ಕಲ್ಲಿದ್ದಲು ಬಾಯ್ಲರ್ ತಣ್ಣಗಾಗಿದ್ರೆ ಕಾಯೋಕೇ ಗಂಟೆಗಟ್ಲೆ ಬೇಕು.

ಡೆಲಿವರಿ ಮಾತ್ರ ತುಂಬಾ ಲೇಟು. 2020ರ ಅಕ್ಟೋಬರಲ್ಲಿ ಟ್ರಯಲ್ ಟೈಮಲ್ಲಿ ಬೆಂಕಿ ಬಿದ್ದು ಕೆಲಸದವ್ರಿಗೆ ಸುಟ್ಟಗಾಯ ಆಯ್ತು, ಉದ್ಘಾಟನೆ ಆಗಿದ್ದು 2024ರ ಸೆಪ್ಟೆಂಬರಲ್ಲಿ.

ಆಮೇಲೆ ಗ್ಯಾಸ್. ಮಹಾರಾಷ್ಟ್ರ ಕರಾವಳಿಯ ದಾಭೋಳ್‌ನಿಂದ ಗೇಲ್ ಅನ್ನೋ ಕೇಂದ್ರ ಸರ್ಕಾರದ ಗ್ಯಾಸ್ ಕಂಪನಿ ಪೈಪಲ್ಲಿ ಬರತ್ತೆ, ಹಡಗಲ್ಲಿ ಬರೋ ಎಲ್‌ಎನ್‌ಜಿ (ತಣ್ಣಗೆ ಮಾಡಿ ದ್ರವ ಮಾಡಿದ ಗ್ಯಾಸ್) ಆದ್ರೆ ರೇಟು ಡಾಲರಲ್ಲಿ. ಯಾವ ಪ್ಲಾಂಟಿಂದ ಎಷ್ಟು ಕರೆಂಟ್ ಅಂತ ನಿರ್ಧರಿಸೋ ಲೋಡ್ ಡಿಸ್ಪ್ಯಾಚ್‌ನವ್ರು ಅಗ್ಗದ ಕರೆಂಟನ್ನೇ ಮೊದ್ಲು ತಗೋತಾರೆ, ಗ್ಯಾಸ್ ದುಬಾರಿ ಆದ ದಿನ ಇಂಥ ಪ್ಲಾಂಟಿಗೆ ಕರೆ ಬರಲ್ಲ. ಫುಲ್ ಲೋಡಲ್ಲಿ ದಿನಪೂರ್ತಿ ಓಡಿದ್ರೆ 88.8 ಲಕ್ಷ ಯೂನಿಟ್ ಕೊಡೋ ಮೆಷಿನ್ನು, ನಿಲ್ಲಿಸಿಟ್ರೆ ಹೊಟ್ಟೆ ಉರಿಯತ್ತೆ ರೀ.

ಇನ್ನು ನಮ್ಮ ಬೀದಿ ಕತೆ ದೀಪದ ಬುಡದಲ್ಲಿ ಕತ್ತಲೆ. ಮೊನ್ನೆ ನಾಲ್ಕು ಹನಿ ಬಿತ್ತು, ಕರೆಂಟ್ ಹೋಯ್ತು. ಪಕ್ಕದ್ಮನೆ ಆಂಟಿ ಮೊಂಬತ್ತಿ ಹಿಡ್ಕೊಂಡು ಬಂದು "ಪ್ಲಾಂಟ್ ಆಫ್ ಮಾಡ್ಬಿಟ್ರೇನೋ?" ಅಂದ್ರು. ಇಲ್ಲ ಆಂಟಿ, ಅಲ್ಲಿಂದ್ ಬರೋದು ಗ್ರಿಡ್ಡಿಗೆ ಹೋಗತ್ತೆ, ನಮ್ದು ಮೂಲೆ ಟ್ರಾನ್ಸ್‌ಫಾರ್ಮರ್ ಫ್ಯೂಸು ಅಂತ ಹೇಳಿ ಹೇಳಿ ಸಾಕಾಯ್ತು.